ಹೆಲ್ಮೆಟ್ ಮೇಲೆ ಇಸಿಇ, ಜಾಕೆಟ್ ಮೇಲೆ ಎಎಎ: ಈ ಅಕ್ಷರಗಳನ್ನು ಎಷ್ಟು ನಂಬಬೇಕು?

ಪ್ರಶ್ನೆ: ಹತ್ತು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಹೆಲ್ಮೆಟ್ ಒಂದನ್ನು ಬಿಟ್ಟರೆ ಬೇರೇನೂ ಹಾಕಿದವನಲ್ಲ. ಹೋದ ತಿಂಗಳು ತಿರುವಿನಲ್ಲಿ ಜಲ್ಲಿ ಮೇಲೆ ಜಾರಿ ಬಿದ್ದೆ. ವೇಗ 40ರ ಆಸುಪಾಸು ಇತ್ತು. ಜೀನ್ಸ್ ಹರಿದು ಮಂಡಿಯ ಚರ್ಮ ಕಿತ್ತುಬಂತು, ಅಂಗೈ ತರಚಿತು, ಹೆಲ್ಮೆಟ್‌ಗೆ ಒಂದು ಕಡೆ ಗೀರು ಬಿತ್ತು. ಈಗ ಪೂರ್ತಿ ಸೆಟ್ ಕೊಳ್ಳೋಣ ಅಂತ ಹುಡುಕಲು ಕೂತರೆ ತಲೆ ಕೆಟ್ಟುಹೋಗುತ್ತಿದೆ. ಒಂದು ಹೆಲ್ಮೆಟ್ ಮೇಲೆ ಡಾಟ್, ಇನ್ನೊಂದರ ಮೇಲೆ ಇಸಿಇ, ಮತ್ತೊಂದರ ಮೇಲೆ ಸ್ನೆಲ್. ಚರ್ಮದ ಜಾಕೆಟ್ ಎಎಎ ದರ್ಜೆಯದು, ಮೆಶ್ ಜಾಕೆಟ್ ಬರೀ ಎ. ಗೆಳೆಯನೊಬ್ಬ, ‘ಇದೆಲ್ಲ ಕಂಪನಿಯವರು ದುಡ್ಡು ಮಾಡೋ ದಾರಿ. 27 ಕಿ.ಮೀ. ವೇಗದಲ್ಲಿ ಪರೀಕ್ಷೆ ಮಾಡಿದ ಹೆಲ್ಮೆಟ್ 100ರಲ್ಲಿ ಏನು ಕಾಪಾಡುತ್ತೆ?’ ಅಂತಾನೆ. ಯಾವ ದೇಶದ ಮಾನದಂಡ ಎಲ್ಲಕ್ಕಿಂತ ಗಟ್ಟಿ? ಬಿಸಿಲಲ್ಲಿ ಚರ್ಮದ ಜಾಕೆಟ್ ನನ್ನ ಕೈಲಾಗದು. ಎ ದರ್ಜೆಯದು ತೆಗೆದುಕೊಂಡರೆ ತಪ್ಪಾ? ಗೀರು ಬಿದ್ದ ಹೆಲ್ಮೆಟ್ ಇಟ್ಟುಕೊಳ್ಳಬಹುದಾ?

ಉತ್ತರ: ಮತ್ತೊಮ್ಮೆ ಬಿದ್ದರೆ ಹೀಗಾಗಬಾರದು ಅನ್ನೋದು ನಿಮ್ಮ ಆಸೆ. ದುಡ್ಡು ಸುರಿದು ಮೋಸ ಹೋಗಬಾರದು ಅನ್ನೋದು ಅಳುಕು. ಎರಡೂ ಸರಿಯೇ. ನಾನು ಸವಾರಿ ಕಲಿಸುವವನು. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಒಮ್ಮೆ ಬಿದ್ದ ಮೇಲೆಯೇ ಬರುತ್ತಾರೆ. ಅವರು ಬಿದ್ದಾಗ ಹಾಕಿದ್ದ ಜಾಕೆಟ್, ಗ್ಲೌಸ್‌ಗಳನ್ನು ಕೇಳಿ ತರಿಸಿಕೊಂಡು, ಹೊಲಿಗೆ ಬಿಚ್ಚಿ ನೋಡುವುದು ನನಗೆ ಅಭ್ಯಾಸ. ಯಾವುದು ಕೆಲಸ ಮಾಡಿತು, ಯಾವುದು ಕೈಕೊಟ್ಟಿತು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ಗೆಳೆಯರ ಮಾತಿನಿಂದಲೇ ಶುರು ಮಾಡೋಣ. ಯಾಕಂದ್ರೆ ಅದು ಅರ್ಧ ಸರಿ, ಮತ್ತು ಆ ಅರ್ಧವನ್ನು ಹಿಡಿದುಕೊಂಡೇ ಎಷ್ಟೋ ಜನ ದಾರಿ ತಪ್ಪುತ್ತಾರೆ.

ಇಸಿಇ ಹೆಲ್ಮೆಟ್ ಪರೀಕ್ಷೆಯ ಮುಖ್ಯ ವೇಗ ಸೆಕೆಂಡಿಗೆ 7.5 ಮೀಟರ್. ಲೆಕ್ಕ ಹಾಕಿದರೆ ಗಂಟೆಗೆ 27 ಕಿ.ಮೀ. ಕೇಳಿದರೆ ತೀರಾ ಕಡಿಮೆ ಅನ್ನಿಸುತ್ತದೆ. ಆದರೆ ನೀವು 100ರಲ್ಲಿ ಹೋಗುವಾಗ ಜಾರಿ ಬಿದ್ದರೆ ನಿಮ್ಮ ತಲೆ 100ರ ವೇಗದಲ್ಲಿ ನೆಲಕ್ಕೆ ಅಪ್ಪಳಿಸುವುದಿಲ್ಲ. ಮುಂದಕ್ಕೆ ಜಾರುವ ವೇಗ ಒಂದು, ಕೆಳಕ್ಕೆ ಬೀಳುವ ವೇಗ ಇನ್ನೊಂದು. ಕೆಳಕ್ಕೆ ಬೀಳುವ ವೇಗವನ್ನು ತೀರ್ಮಾನಿಸುವುದು ಬೈಕಿನ ಸ್ಪೀಡೋಮೀಟರ್ ಅಲ್ಲ, ತಲೆ ಎಷ್ಟು ಎತ್ತರದಲ್ಲಿತ್ತು ಅನ್ನೋದು. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಸುಮಾರು 20 ಕಿ.ಮೀ. ಇರುತ್ತದೆ. ಪರೀಕ್ಷೆಯ 27 ಅಂದರೆ ಹೆಚ್ಚುಕಡಿಮೆ 2.9 ಮೀಟರ್ ಎತ್ತರದಿಂದ ಗಟ್ಟಿ ಉಕ್ಕಿನ ಮೇಲೆ ಬಿದ್ದ ಹಾಗೆ. ಆದ್ದರಿಂದ ಅದು ಸುಮ್ನೆ ಇಟ್ಟ ಅಂಕಿ ಅಲ್ಲ.

ಗೆಳೆಯರ ಮಾತು ಸರಿ ಇರುವುದು ಇಲ್ಲಿ: 100ರ ವೇಗದಲ್ಲಿ ಕಂಬಕ್ಕೋ ಗೋಡೆಗೋ ಎದುರಿನ ವಾಹನಕ್ಕೋ ತಲೆ ನೇರವಾಗಿ ಬಡಿದರೆ ಯಾವ ದೇಶದ ಯಾವ ಹೆಲ್ಮೆಟ್ಟೂ ಭರವಸೆ ಕೊಡಲಾರದು. ಆದರೆ ಎಲ್ಲ ಅಪಘಾತವೂ ಹಾಗಿರುವುದಿಲ್ಲ. ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2008ರ ಕೊಕ್ರೇನ್ ವರದಿಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಸುಮಾರು ಶೇ 69ರಷ್ಟು ತಗ್ಗಿಸುತ್ತದೆ. ಇದನ್ನು ಗೆಳೆಯರಿಗೂ ಹೇಳಿ.

ಈಗ ‘ಯಾವ ದೇಶದ್ದು ಗಟ್ಟಿ’ ಅನ್ನೋ ಪ್ರಶ್ನೆ. ಇದನ್ನು ಸ್ವಲ್ಪ ತಿರುಗಿಸಿ ಕೇಳಿ: ಏನನ್ನು ಪರೀಕ್ಷೆ ಮಾಡಿದ್ದಾರೆ, ಯಾರು ಮಾಡಿದ್ದಾರೆ, ಯಾವಾಗ ಮಾಡಿದ್ದಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಗುರುತುಗಳ ಗೊಂದಲ ಮುಕ್ಕಾಲು ಪಾಲು ಹೋಗುತ್ತದೆ.

ಡಾಟ್ ಅನ್ನೋದು ಅಮೆರಿಕದ್ದು. ಅಲ್ಲಿ ‘ನನ್ನ ಹೆಲ್ಮೆಟ್ ನಿಯಮಕ್ಕೆ ತಕ್ಕ ಹಾಗಿದೆ’ ಎಂದು ತಯಾರಕರೇ ಘೋಷಿಸಿ ಗುರುತು ಹಾಕುತ್ತಾರೆ. ಸರ್ಕಾರ ಆಮೇಲೆ ಅಂಗಡಿಯಿಂದ ಕೆಲವನ್ನು ಕೊಂಡು ಪರೀಕ್ಷಿಸುತ್ತದೆ. ಅಂದರೆ ಮೊದಲು ಮಾರಾಟ, ಪರೀಕ್ಷೆ ಆಮೇಲೆ. ಹೆಲ್ಮೆಟ್ ಒಳಗಿನ ಲೋಹದ ತಲೆಗೆ ತಟ್ಟುವ ಪೆಟ್ಟಿನ ಮಿತಿ ಅಲ್ಲಿ 400 ಜಿ. ಒಂದು ಜಿ ಅಂದರೆ ಗುರುತ್ವ ನಮ್ಮನ್ನು ಎಳೆಯುವಷ್ಟು. ಗಲ್ಲದ ಭಾಗಕ್ಕೆ ಡಾಟ್‌ನಲ್ಲಿ ಪರೀಕ್ಷೆಯೇ ಇಲ್ಲ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಕೊಳ್ಳುವವರಿಗೆ ಇದು ಗೊತ್ತಿರಬೇಕು. ಇನ್ನೊಂದು ತೊಂದರೆ, ಬರೀ ಡಾಟ್ ಅಂತ ಮೂರಕ್ಷರ ಇರುವ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಅದಕ್ಕೇ 2013ರಿಂದ ಆ ಗುರುತಿನಲ್ಲಿ ತಯಾರಕರ ಹೆಸರು, ಮಾದರಿ, ‘ಎಫ್‌ಎಂವಿಎಸ್‌ಎಸ್ ನಂ. 218’ (ಅಲ್ಲಿನ ಹೆಲ್ಮೆಟ್ ನಿಯಮದ ಸಂಖ್ಯೆ), ‘ಸರ್ಟಿಫೈಡ್’ ಎಂಬ ಪದ ಎಲ್ಲವೂ ಇರಬೇಕು ಅಂತ ನಿಯಮ ಮಾಡಿದರು. ಇವಿಲ್ಲದ ಸ್ಟಿಕ್ಕರ್‌ಗೆ ಬೆಲೆ ಕೊಡಬೇಡಿ.

ಇಸಿಇ ದಾರಿ ಬೇರೆ. ಇದು ವಿಶ್ವಸಂಸ್ಥೆಯ ವ್ಯವಸ್ಥೆಯಡಿ ಬಂದ 22ನೇ ನಿಯಮ. ಯುರೋಪಿನ ಆಚೆಗೂ ಹಲವು ದೇಶಗಳು ಒಪ್ಪಿಕೊಂಡಿವೆ. ಇಲ್ಲಿ ಮಾರಾಟಕ್ಕೆ ಮೊದಲೇ ಹೊರಗಿನ ಪ್ರಯೋಗಾಲಯ ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಪೆಟ್ಟಿನ ಮಿತಿ 275 ಜಿ. ಇದರ ಈಗಿನ ರೂಪ 22.06, 2021ರ ಜನವರಿಯಲ್ಲಿ ಜಾರಿಗೆ ಬಂತು. ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಆದ ದೊಡ್ಡ ಸುಧಾರಣೆ ಇದು. ಹಳೆಯ 22.05ರಲ್ಲಿ, ಗಲ್ಲದ ಭಾಗ ಬಿಟ್ಟರೆ, ಬಡಿಯುತ್ತಿದ್ದುದು 7.5 ಮೀಟರ್ ವೇಗದಲ್ಲಿ ಮಾತ್ರ. ಈಗ 6.0 ಮತ್ತು 8.2 ಮೀಟರ್ ವೇಗದಲ್ಲೂ ಬಡಿಯುತ್ತಾರೆ. 6.0ರ ಪೆಟ್ಟಿಗೆ ಮಿತಿ 180 ಜಿ ಮಾತ್ರ. ನಿಧಾನದ ಪೆಟ್ಟಿಗೆ ಯಾಕೆ ಬೇರೆ ಮಿತಿ ಅಂದ್ರೆ, ದೊಡ್ಡ ಪೆಟ್ಟಿಗೆಂದು ತೀರಾ ಗಟ್ಟಿಯಾಗಿ ಮಾಡಿದ ಹೆಲ್ಮೆಟ್ ಸಣ್ಣ ಪೆಟ್ಟಿಗೆ ಒಳಗಡೆ ಕುಸಿಯುವುದಿಲ್ಲ. ಆಗ ಪೆಟ್ಟು ತಲೆಗೇ ದಾಟುತ್ತದೆ. ನೀವು ಬಿದ್ದಂಥ ಬೀಳುವಿಕೆಗಳೇ ಜಾಸ್ತಿ ಅಲ್ವಾ? ಜೊತೆಗೆ ಓರೆಯಾಗಿ ಬಡಿಯುವ ಪರೀಕ್ಷೆಯೂ ಸೇರಿದೆ. ತಲೆ ನೆಲಕ್ಕೆ ತಾಗಿ ಗಕ್ಕನೆ ತಿರುಚಿದಾಗ ಮಿದುಳಿಗೆ ಆಗುವ ಹಾನಿ ನೇರ ಪೆಟ್ಟಿನದಕ್ಕಿಂತ ಬೇರೆ ಥರ. ಆ ತಿರುಚುವಿಕೆಯನ್ನು ಹಳೆಯ ನಿಯಮ ಅಳೆಯುತ್ತಲೇ ಇರಲಿಲ್ಲ.

ಇಸಿಇ ಗುರುತನ್ನು ಹುಡುಕಬೇಕಾದ್ದು ಹಿಂಭಾಗದ ಸ್ಟಿಕ್ಕರ್‌ನಲ್ಲಿ ಅಲ್ಲ, ಗಲ್ಲದ ಪಟ್ಟಿಗೆ ಹೊಲಿದ ಪುಟ್ಟ ಬಟ್ಟೆಯ ಚೀಟಿಯಲ್ಲಿ. ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಇ1 ಅಂದರೆ ಜರ್ಮನಿ, ಇ3 ಇಟಲಿ, ಇ4 ನೆದರ್‌ಲ್ಯಾಂಡ್ಸ್, ಇ11 ಬ್ರಿಟನ್. ಇದು ಒಪ್ಪಿಗೆ ಕೊಟ್ಟ ದೇಶದ ಗುರುತು ಅಷ್ಟೇ. ಇ1 ಇದ್ದರೆ ಇ4ಕ್ಕಿಂತ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಅದರ ಕೆಳಗಿನ ಉದ್ದ ಸಂಖ್ಯೆ 06ರಿಂದ ಶುರುವಾದರೆ ಹೊಸ ನಿಯಮದ್ದು, 05 ಇದ್ದರೆ ಹಳೆಯದು. ‘ಪಿ’ ಅಕ್ಷರ ಇದ್ದರೆ ಗಲ್ಲದ ಭಾಗವೂ ರಕ್ಷಣೆಗೆ ಪಾಸಾಗಿದೆ. ‘ಜೆ’ ಅಂದರೆ ಮುಖ ತೆರೆದ ಹೆಲ್ಮೆಟ್. ‘ಎನ್‌ಪಿ’ ಇದ್ದರೆ ಗಲ್ಲದ ಮುಂದೆ ಕಾಣುವ ಆ ಭಾಗ ರಕ್ಷಣೆ ಕೊಡುವುದಿಲ್ಲ ಎಂದರ್ಥ. ಮೇಲಕ್ಕೆ ಎತ್ತುವ ಮಾದರಿ ಕೊಳ್ಳುವಾಗ ‘ಪಿ’ ಇದೆಯಾ ಅಂತ ನೋಡಲೇಬೇಕು.

ಸ್ನೆಲ್ ಸರ್ಕಾರದ್ದಲ್ಲ. ರೇಸಿನಲ್ಲಿ ತೀರಿಕೊಂಡ ಪೀಟ್ ಸ್ನೆಲ್ ಹೆಸರಿನಲ್ಲಿ 1957ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಸ್ಥೆ. ತಯಾರಕರು ತಾವಾಗಿಯೇ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಅಲ್ಲಿನ ಒತ್ತು ಮೊದಲಿನಿಂದಲೂ ಭಾರಿ ಪೆಟ್ಟಿನ ಮೇಲೆ. ಇದರ 2020ರ ನಿಯಮ ಎರಡು ಕವಲಾಯಿತು: ಡಾಟ್‌ಗೆ ಹೊಂದುವ ‘ಡಿ’, ಇಸಿಇಗೆ ಹೊಂದುವ ‘ಆರ್’. ಒಂದೇ ಹೆಲ್ಮೆಟ್ ಎಲ್ಲ ನಿಯಮಕ್ಕೂ ಒಪ್ಪುವ ಹಾಗೆ ಮಾಡುವುದು ಎಷ್ಟು ಕಷ್ಟ ಅನ್ನೋದಕ್ಕೆ ಇದೇ ಸಾಕ್ಷಿ. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಸ್ನೆಲ್ ಒಳ್ಳೆಯದೇ. ದಿನದ ಸವಾರಿಗೆ ಅದಿಲ್ಲದಿದ್ದರೆ ಕೊರತೆ ಅಂತ ನನಗೆ ಅನ್ನಿಸಿಲ್ಲ.

ಇನ್ನು ಬ್ರಿಟನ್ ಸರ್ಕಾರದ ಶಾರ್ಪ್. ಇದು ಪಾಸ್, ಫೇಲ್ ಹೇಳುವುದಿಲ್ಲ. 2007ರಿಂದ ಹೆಲ್ಮೆಟ್‌ಗಳನ್ನು ತಾನೇ ಕೊಂಡು ಬಡಿದು ನೋಡಿ 1ರಿಂದ 5 ನಕ್ಷತ್ರ ಕೊಡುತ್ತದೆ. ದುಬಾರಿ ಹೆಲ್ಮೆಟ್‌ಗೆ ಕಡಿಮೆ ನಕ್ಷತ್ರ, ಅಗ್ಗದ್ದಕ್ಕೆ ಐದು ನಕ್ಷತ್ರ ಬಂದದ್ದು ಅಲ್ಲಿ ಬೇಕಾದಷ್ಟಿದೆ. ನಿಮ್ಮ ಪಟ್ಟಿಯಲ್ಲಿರುವ ಮಾದರಿ ಅಲ್ಲಿದೆಯಾ ಅಂತ ಒಮ್ಮೆ ನೋಡಿ.

ಹಾಗಾಗಿ ನನ್ನ ಆಯ್ಕೆ ಕೇಳಿದರೆ 22.06, ‘ಪಿ’ ಗುರುತು, ಪೂರ್ತಿ ಮುಖ ಮುಚ್ಚುವುದು. ಕಾನೂನಿನ ಮಾತು ಬೇರೆ. ಜಪಾನಿಗೆ ಪಿಎಸ್‌ಸಿ, ಭಾರತಕ್ಕೆ ಐಎಸ್ 4151 ಅಂತ ದೇಶಕ್ಕೊಂದು ಗುರುತಿದೆ. ನೀವು ಓಡಿಸುವ ಕಡೆ ಕಾನೂನು ಕೇಳುವ ಗುರುತೂ ಹೆಲ್ಮೆಟ್ ಮೇಲಿರಬೇಕು.

ಆದರೆ ಇವೆಲ್ಲಕ್ಕಿಂತ ಮೊದಲು ನಿಮ್ಮ ತಲೆಯ ಆಕಾರ. ಕೆಲವರದು ಉದ್ದ, ಕೆಲವರದು ಗುಂಡು. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದು, ಹಿಂಭಾಗ ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಎಷ್ಟು ನಕ್ಷತ್ರ ಇದ್ದರೂ ಬೇಡ. ಅಕ್ಕಪಕ್ಕ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಅಲ್ಲಾಡಬೇಕು. ಕಾಲು ಗಂಟೆ ಹಾಕಿಕೊಂಡೇ ಕೂತಿರಿ. ಹಣೆಯಲ್ಲಿ ಒಂದೇ ಕಡೆ ನೋವು ಶುರುವಾದರೆ ಆ ಆಕಾರ ನಿಮ್ಮದಲ್ಲ.

ಈಗ ಬಟ್ಟೆಗೆ ಬರೋಣ. ನಿಮ್ಮ ಮಂಡಿಯ ಉತ್ತರ ಇರುವುದು ಇಲ್ಲಿ.

ಸವಾರಿ ಬಟ್ಟೆಗೆ ಅಮೆರಿಕದಲ್ಲಿ ಕಡ್ಡಾಯ ಮಾನದಂಡವೇ ಇಲ್ಲ. ಯುರೋಪಿನಲ್ಲಿ 2018ರ ಏಪ್ರಿಲ್‌ನಿಂದ ಹೊಸ ರಕ್ಷಣಾ ಸಾಧನ ಕಾನೂನು ನಡೆಯುತ್ತಿದೆ. ಅದಕ್ಕೆ ಹೊಂದಿಕೊಂಡು 2020ರಲ್ಲಿ ಬಂದದ್ದು ಇಎನ್ 17092. ನೀವು ನೋಡಿದ ಎಎಎ, ಎಎ, ಎ ಇದರವೇ. ಬಟ್ಟೆಯ ತುಂಡನ್ನು ಯಂತ್ರದ ತೋಳಿಗೆ ಕಟ್ಟಿ ಗರಗರ ತಿರುಗಿಸಿ, ಕಾಂಕ್ರೀಟ್ ಹಾಸಿನ ಮೇಲೆ ಬೀಳಿಸುತ್ತಾರೆ. ಅದು ಉಜ್ಜಿಕೊಂಡು ತಾನಾಗಿ ನಿಲ್ಲುವ ಹೊತ್ತಿಗೆ ತೂತು ಬಿದ್ದಿರಬಾರದು. ಭುಜ, ಮೊಣಕೈ, ಸೊಂಟದ ಪಕ್ಕ, ಮಂಡಿಯಂಥ ಮೊದಲು ನೆಲಕ್ಕೆ ತಾಗುವ ಜಾಗ ಒಂದನೇ ವಲಯ. ಅಲ್ಲಿ ಎಎಎಗೆ ಪರೀಕ್ಷೆಯ ವೇಗ 120 ಕಿ.ಮೀ., ಎಎಗೆ 70, ಎಗೆ 45. ಎರಡನೇ ವಲಯದಲ್ಲಿ ಇದು 75, 45, 25ಕ್ಕೆ ಇಳಿಯುತ್ತದೆ. ಕಡಿಮೆ ತಾಗುವ ಮೂರನೇ ವಲಯದಲ್ಲಿ ಎಎಎಗೆ 45, ಎಎಗೆ 25. ಎ ದರ್ಜೆಗೆ ಅಲ್ಲಿ ಉಜ್ಜುವ ಪರೀಕ್ಷೆಯೇ ಇಲ್ಲ.

ನೀವು ಬಿದ್ದದ್ದು 40ರಲ್ಲಿ. ಎ ದರ್ಜೆಯ ಬಟ್ಟೆ ಆವತ್ತು ಮೈಮೇಲೆ ಇದ್ದಿದ್ದರೆ ಮಂಡಿಯ ಚರ್ಮ ಬಹುಶಃ ಉಳಿಯುತ್ತಿತ್ತು. ಆದರೆ ಅಂಚಿನಲ್ಲಿ ಉಳಿಯುತ್ತಿತ್ತು. ಊರೊಳಗೆ ಓಡಾಡುವವರು ಎ ತೆಗೆದುಕೊಂಡರೆ ನಾನು ಬೇಡ ಅನ್ನುವುದಿಲ್ಲ. ಹೆದ್ದಾರಿಗೆ ಹೋಗುವವರಿಗೆ ಎಎ ಕೆಳಗೆ ಇಳಿಯಬೇಡಿ ಅನ್ನುತ್ತೇನೆ. ಮೆಶ್ ಅಂದ ತಕ್ಷಣ ಎ ಮಾತ್ರ ಅಂತಲ್ಲ. ಭುಜ, ಮೊಣಕೈಗೆ ದಪ್ಪ ಬಟ್ಟೆ ಕೊಟ್ಟು ಎದೆ ಮತ್ತು ತೋಳಿನ ಒಳಭಾಗದಲ್ಲಿ ಜಾಲರಿ ಬಿಟ್ಟ ಎಎ ಜಾಕೆಟ್‌ಗಳು ಸಿಗುತ್ತವೆ. ನಿಮಗೆ ಹೊಂದುವುದು ಅದೇ. ಯಂತ್ರದ ವೇಗವನ್ನು ರಸ್ತೆಯ ವೇಗಕ್ಕೆ ಗ್ಯಾರಂಟಿ ಅಂತ ಮಾತ್ರ ತಿಳಿಯಬೇಡಿ. ರಸ್ತೆ ಒರಟಾಗಿದ್ದರೆ, ಮೈಭಾರ ಒಂದೇ ಕಡೆ ಬಿದ್ದರೆ ಲೆಕ್ಕ ಬದಲಾಗುತ್ತದೆ.

ಬಿ ಮತ್ತು ಸಿ ದರ್ಜೆಯೂ ಇವೆ. ಬಿ ಅಂದರೆ ಎ ದರ್ಜೆಯ ಬಟ್ಟೆ, ಒಳಗೆ ಪ್ಯಾಡ್ ಇಲ್ಲ. ಸಿ ಅಂದರೆ ಪ್ಯಾಡ್ ಹಿಡಿದಿಡುವ ಜಾಲರಿ ಅಂಗಿ ಅಷ್ಟೇ, ಉಜ್ಜಾಟಕ್ಕೆ ತಡೆಯದು.

ಯುರೋಪಿನ ನಿಯಮಕ್ಕೆ ತಕ್ಕ ಹಾಗಿದೆ ಎಂದು ಹೇಳುವ ಗುರುತು ಸಿಇ. ಆ ಎರಡಕ್ಷರ ಎಲ್ಲಿದೆ ಅನ್ನೋದು ಮುಖ್ಯ. ಪ್ಯಾಡ್ ಮೇಲೆ ಮಾತ್ರ ಇದ್ದರೆ ಪರೀಕ್ಷೆಯಾಗಿರುವುದು ಪ್ಯಾಡ್‌ಗೆ, ಜಾಕೆಟ್‌ಗೆ ಅಲ್ಲ. ಜಾಕೆಟ್ ಒಳಗೆ ಹೊಲಿದ ಚೀಟಿಯಲ್ಲಿ ಬೈಕ್ ಸವಾರನ ಪುಟ್ಟ ಚಿತ್ರ, ಇಎನ್ 17092 ಸಂಖ್ಯೆ, ದರ್ಜೆಯ ಅಕ್ಷರ ಇರಬೇಕು. ಜೊತೆಗೆ ಬರುವ ಪುಸ್ತಿಕೆಯಲ್ಲಿ ಪರೀಕ್ಷಿಸಿದ ಸಂಸ್ಥೆಯ ಹೆಸರು ಇರಬೇಕು. ‘ಸಿಇ ಗುಣಮಟ್ಟದ್ದು’ ಅಂತ ಬಾಯಿಮಾತಿನಲ್ಲಿ ಹೇಳಿದರೆ ಸಾಲದು.

ಪ್ಯಾಡ್‌ಗಳ ಮಾನದಂಡ ಇಎನ್ 1621. ಕೈಕಾಲಿನ ಪ್ಯಾಡ್‌ಗೆ 50 ಜೂಲ್ ಶಕ್ತಿಯಲ್ಲಿ ಬಡಿದಾಗ ಆಚೆ ಬದಿಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಬೆನ್ನಿನ ಪ್ಯಾಡ್‌ಗೆ 18 ಮತ್ತು 9. ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಮೂಳೆ ಮುರಿಯಲು 20 ಕಿಲೋನ್ಯೂಟನ್‌ಗಿಂತ ತುಂಬಾ ಕಡಿಮೆ ಬಲ ಸಾಕು. ಆದ್ದರಿಂದ ಪ್ಯಾಡ್ ಇದ್ದರೆ ಮೂಳೆ ಮುರಿಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಪೆಟ್ಟನ್ನು ಹಂಚುತ್ತದೆ, ತಗ್ಗಿಸುತ್ತದೆ. ಬೆನ್ನಿನ ಪ್ಯಾಡ್ ಕೂಡ ಹಾಗೇ. ನೇರ ಪೆಟ್ಟಿಗೆ ಅದು ಸಹಾಯ ಮಾಡುತ್ತದೆ. ಬೆನ್ನು ಬಾಗಿ ತಿರುಚಿಕೊಂಡು ಆಗುವ ಹಾನಿಗೆ ಅದರ ಹತ್ತಿರ ಔಷಧಿ ಇಲ್ಲ.

ಅಂಗಡಿಯಲ್ಲಿ ಜಾಕೆಟ್ ಸಿಕ್ಕ ತಕ್ಷಣ ಬೆನ್ನಿನ ಜೇಬಿಗೆ ಕೈ ಹಾಕಿ. ಬಹಳಷ್ಟು ಜಾಕೆಟ್‌ಗಳಲ್ಲಿ ಅಲ್ಲಿ ಬೆರಳಲ್ಲಿ ಒತ್ತಿದರೆ ಆಚೆ ಬದಿ ಮುಟ್ಟುವಂಥ ಹಗುರ ಸ್ಪಂಜಿನ ಹಾಳೆ ಇರುತ್ತದೆ. ಅದರ ಮೇಲೆ ಯಾವ ಅಕ್ಷರವೂ ಇರುವುದಿಲ್ಲ. ಅದು ಜೇಬಿನ ಆಕಾರ ಉಳಿಯಲಿ ಅಂತ ಇಟ್ಟದ್ದು. ಎಎಎ ದರ್ಜೆಗೂ ಬೆನ್ನಿನ ಪ್ಯಾಡ್ ಕಡ್ಡಾಯವಲ್ಲ, ಹಾಗಾಗಿ ನಿಯಮ ಮುರಿದಂತೆಯೂ ಆಗಲ್ಲ. ಅದನ್ನು ತೆಗೆದುಹಾಕಿ ‘1621-2’ ಅಂತ ಅಚ್ಚಾಗಿರುವ ಪ್ಯಾಡ್ ಬೇರೆಯಾಗಿ ಕೊಂಡು ಹಾಕಿ. ಪ್ಯಾಂಟ್ ಕೊಳ್ಳುವಾಗ ಸೊಂಟದ ಪಕ್ಕದ ಜೇಬನ್ನೂ ನೋಡಿ. ಎ ದರ್ಜೆಯಲ್ಲಿ ಅಲ್ಲಿ ಪ್ಯಾಡ್ ಕಡ್ಡಾಯ ಅಲ್ಲ, ಎಎನಲ್ಲಿ ಕಡ್ಡಾಯ.

ಅಳತೆಯ ವಿಷಯದಲ್ಲಿ ನಾನು ಸ್ವಲ್ಪ ಹಠ ಮಾಡುತ್ತೇನೆ, ಕಾರಣ ಇದೆ. ಒಬ್ಬರು ತಂದ ಚರ್ಮದ ಜಾಕೆಟ್ ಇನ್ನೂ ನನ್ನ ಬಳಿ ಇದೆ. ಒಳ್ಳೆಯ ಚರ್ಮ, ಲೆವೆಲ್ 2 ಪ್ಯಾಡ್. ಬಿದ್ದ ಮೇಲೂ ಹೊಲಿಗೆ ಒಂದೂ ಬಿಟ್ಟಿಲ್ಲ. ಆದರೂ ಅವರ ಮೊಣಕೈ ಮೂಳೆ ಬಿರುಕು ಬಿಟ್ಟಿತ್ತು. ತೋಳು ಒಂದು ಅಳತೆ ದೊಡ್ಡದಿತ್ತು. ಬಿದ್ದಾಗ ಪ್ಯಾಡ್ ಸುತ್ತ ತಿರುಗಿ ತೋಳಿನ ಒಳಬದಿಗೆ ಹೋಗಿತ್ತು. ಒಳಗಿನ ಅಸ್ತರಿನಲ್ಲಿ ಅದು ಜರುಗಿದ ದಾರಿ ಸುಕ್ಕುಸುಕ್ಕಾಗಿ ಕಾಣುತ್ತದೆ. ಹಾಗಾಗಿ ಜಾಕೆಟ್ ಹಾಕಿಕೊಂಡು ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ, ಇನ್ನೊಂದು ಕೈಯಿಂದ ಮೊಣಕೈ ಪ್ಯಾಡ್ ಹಿಡಿದು ತಿರುಗಿಸಲು ನೋಡಿ. ತಿರುಗಿದರೆ ಪಟ್ಟಿ ಬಿಗಿಯಬೇಕು, ಇಲ್ಲವೇ ಚಿಕ್ಕ ಅಳತೆ ನೋಡಬೇಕು. ಪ್ಯಾಂಟನ್ನೂ ನಿಂತು ನೋಡಬೇಡಿ, ಬೈಕ್ ಮೇಲೆ ಕೂತು ನೋಡಿ. ಕೂತಾಗ ಮಂಡಿ ಪ್ಯಾಡ್ ಮೇಲಕ್ಕೆ ಸರಿಯುತ್ತದೆ.

ಜೀನ್ಸ್ ಬಗ್ಗೆ ಒಂದು ಮಾತು. ಸಾಮಾನ್ಯ ಹತ್ತಿ ಜೀನ್ಸ್ ಉಜ್ಜುವ ಯಂತ್ರದಲ್ಲಿ ಸುಮಾರು ಒಂದು ಸೆಕೆಂಡ್ ತಡೆದರೆ ಹೆಚ್ಚು. ನಿಮ್ಮದು ಹರಿದದ್ದು ಬಟ್ಟೆಯ ತಪ್ಪಲ್ಲ, ಅದನ್ನು ಆ ಕೆಲಸಕ್ಕೆ ಮಾಡಿಯೇ ಇಲ್ಲ. ಬಲವಾದ ನೂಲು ಸೇರಿಸಿದ ರೈಡಿಂಗ್ ಜೀನ್ಸ್ ಸಿಗುತ್ತವೆ, ಅದರಲ್ಲೂ ಎಎ ನೋಡಿ. ಬರೀ ‘ಕೆವ್ಲಾರ್ ಇದೆ’ ಅಂದರೆ ಎಲ್ಲಿದೆ ಅಂತ ಒಳಗೆ ತಿರುಗಿಸಿ ನೋಡಿ. ಮಂಡಿಯಲ್ಲಿ ಒಂದು ಅಂಗೈ ಅಗಲ ಇಟ್ಟು ಕುಂಡಿಯ ಭಾಗ ಬಿಟ್ಟಿರುವುದೂ ಉಂಟು.

ಗ್ಲೌಸ್ ಇಲ್ಲದೆ ಇನ್ನು ಮುಂದೆ ಹೊರಡಬೇಡಿ. ಬೀಳುವಾಗ ಎಲ್ಲರೂ ಕೈ ಊರುತ್ತಾರೆ, ಅದು ತಡೆಯಲಾಗದ ಸ್ವಭಾವ. ಇಎನ್ 13594 ಗುರುತು, ಜೊತೆಗೆ ‘1 ಕೆಪಿ’ ಅಥವಾ 2 ಇರಲಿ. ಕೆಪಿ ಅಂದರೆ ಬೆರಳಿನ ಗೆಣ್ಣಿಗೂ ರಕ್ಷಣೆ ಇದೆ. ಮಣಿಕಟ್ಟಿನ ಪಟ್ಟಿ ಕಟ್ಟಿ ಬೆರಳ ತುದಿಗಳನ್ನು ಹಿಡಿದು ಜೋರಾಗಿ ಎಳೆಯಿರಿ. ಬಿಚ್ಚಿ ಬರಬಾರದು. ಬೂಟ್ಸ್‌ಗೆ ಇಎನ್ 13634. ಅದರಲ್ಲಿ ನಾಲ್ಕು ಅಂಕಿ ಇರುತ್ತವೆ: ಎತ್ತರ, ಉಜ್ಜಾಟ, ಕತ್ತರಿಸುವಿಕೆ, ಅಡ್ಡಡ್ಡ ಒತ್ತಿದಾಗಿನ ಗಡಸು. ಪ್ರತಿಯೊಂದೂ 1 ಅಥವಾ 2. ಬೈಕು ಕಾಲ ಮೇಲೆ ಬಿದ್ದಾಗ ಕೊನೆಯ ಅಂಕಿ ಕೆಲಸಕ್ಕೆ ಬರುತ್ತದೆ, ಹಾಗಾಗಿ ಅದು 2 ಇದ್ದರೆ ಒಳ್ಳೆಯದು.

ಇಷ್ಟೆಲ್ಲ ಹಾಕಿದರೂ ಸೋಲುವ ಬಟ್ಟೆ ಇರುತ್ತದೆ, ಅದನ್ನೂ ಹೇಳಬೇಕು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಸುತ್ತ ಅಪಘಾತಕ್ಕೆ ಸಿಕ್ಕ 212 ಸವಾರರನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ರೈಡಿಂಗ್ ಜಾಕೆಟ್, ಪ್ಯಾಂಟ್, ಗ್ಲೌಸ್ ಹಾಕಿದ್ದವರು ಆಸ್ಪತ್ರೆಗೆ ದಾಖಲಾದದ್ದು ಕಡಿಮೆ. ಆದರೆ ಜಾಕೆಟ್‌ಗಳಲ್ಲಿ ಶೇ 29.7, ಪ್ಯಾಂಟ್‌ಗಳಲ್ಲಿ ಶೇ 28.1, ಗ್ಲೌಸ್‌ಗಳಲ್ಲಿ ಶೇ 25.7ರಷ್ಟು ಹರಿದು ಸೋತಿದ್ದವು. ಹೆಸರಿಗೆ ರೈಡಿಂಗ್ ಗೇರ್ ಆದರೆ ಸಾಲದು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಡ. ಆ ದೇಶದಲ್ಲೇ 2018ರಲ್ಲಿ ನ್ಯೂಜಿಲೆಂಡ್ ಜೊತೆ ಸೇರಿ ಮೋಟೋಕ್ಯಾಪ್ ಶುರು ಮಾಡಿದರು. ಅಂಗಡಿಯಿಂದ ಬಟ್ಟೆ ಕೊಂಡು ತಂದು ಪರೀಕ್ಷಿಸಿ, ರಕ್ಷಣೆಗೆ ಬೇರೆ, ಗಾಳಿಯಾಡುವಿಕೆಗೆ ಬೇರೆ ನಕ್ಷತ್ರ ಕೊಡುತ್ತಾರೆ. ಬಿಸಿಲಿನ ಚಿಂತೆ ಇರುವ ನಿಮಗೆ ಇಷ್ಟು ಉಪಯೋಗದ ಪಟ್ಟಿ ಬೇರೆ ಇಲ್ಲ.

ಬಿಸಿಲನ್ನು ನೀವು ಕೇಳಿದ್ದು ಒಳ್ಳೆಯದಾಯಿತು. ಸೆಖೆಯಲ್ಲಿ ಬೆಂದ ಸವಾರನ ಗಮನ ತಪ್ಪುತ್ತದೆ, ಅದೂ ಅಪಾಯವೇ. ಮನೆಯ ಗೂಟಕ್ಕೆ ನೇತುಬಿದ್ದ ಎಎಎ ಜಾಕೆಟ್‌ಗಿಂತ ದಿನವೂ ಮೈಮೇಲೆ ಇರುವ ಎಎ ಮೆಶ್ ನನಗೆ ಇಷ್ಟ. ಗಾಳಿಯೇ ಮೈಗಿಂತ ಬಿಸಿಯಾದ ದಿನ ಜಾಲರಿಯಿಂದ ತಂಪಾಗುವುದಿಲ್ಲ. ಆಗ ಒಳ ಅಂಗಿ ಒದ್ದೆ ಮಾಡಿಕೊಂಡು ಹಾಕಿ, ನೀರು ಕುಡಿಯುತ್ತಾ ಇರಿ. ಏರ್‌ಬ್ಯಾಗ್ ವೆಸ್ಟ್ ಎದೆ, ಬೆನ್ನಿಗೆ ನಿಜಕ್ಕೂ ಒಳ್ಳೆಯ ರಕ್ಷಣೆ. ಆದರೆ ಅದು ಮಂಡಿ, ಅಂಗೈ ಕಾಯುವುದಿಲ್ಲ. ಅದನ್ನು ಎಲ್ಲ ಆದ ಮೇಲೆ ಯೋಚಿಸಿ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಲಾಗದಿದ್ದರೆ ಮೊದಲು ಹೆಲ್ಮೆಟ್ ಮತ್ತು ಗ್ಲೌಸ್, ಆಮೇಲೆ ಜಾಕೆಟ್ ಮತ್ತು ಪ್ಯಾಂಟ್, ಕೊನೆಗೆ ಬೂಟ್ಸ್. ಪ್ಯಾಂಟನ್ನು ಮುಂದಕ್ಕೆ ಹಾಕುತ್ತಾ ಹೋಗಬೇಡಿ. ಜಾಕೆಟ್ ಇದ್ದವರೂ ಅದನ್ನೇ ಮರೆಯುತ್ತಾರೆ.

ಗೀರು ಬಿದ್ದ ಹೆಲ್ಮೆಟ್ ಇಟ್ಟುಕೊಳ್ಳಬೇಡಿ. ಖಾಲಿ ಹೆಲ್ಮೆಟ್ ಕೈಜಾರಿ ಬಿದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಇದರೊಳಗೆ ನಿಮ್ಮ ತಲೆ ಇತ್ತು. ಒಳಗಿನ ಥರ್ಮೋಕೋಲ್ ಥರದ ಪದರ ಒಮ್ಮೆ ಕುಸಿದರೆ ಮತ್ತೆ ಮೊದಲಿನಂತಾಗದು, ಮತ್ತು ಮೆತ್ತೆಯ ಹಿಂದೆ ಅದು ಎಷ್ಟು ಕುಸಿದಿದೆ ಅನ್ನೋದು ಕಣ್ಣಿಗೆ ಕಾಣುವುದಿಲ್ಲ. ಹೊಸದು ಬಂದ ದಿನವೇ ಹಳೆಯದರ ಗಲ್ಲದ ಪಟ್ಟಿಯನ್ನು ಎರಡೂ ಕಡೆ ಕತ್ತರಿಸಿ ಎಸೆಯಿರಿ. ಸುಮ್ನೆ ಮೂಲೆಗೆ ಇಟ್ಟರೆ ಯಾವತ್ತೋ ಒಂದು ದಿನ ಹಿಂದೆ ಕೂರುವವರ ತಲೆಗೆ ಅದೇ ಹೋಗುತ್ತದೆ.